ಬಾಗಿಲಲ್ಲಿ ಹಿಡಿಸದ ಗಣಪ

ನನಗೊಂದು ಚಾಳಿ ಇದೆ. ಮನೆಗೆ ಯಾವ ದೊಡ್ಡ ಸಾಮಾನು ತರುವುದಿದ್ದರೂ ಅಂಗಡಿಗೆ ಹೋಗುವ ಮೊದಲು ಬಾಗಿಲು ಅಳೆಯುತ್ತೇನೆ. ಅಂಗಡಿಯಲ್ಲಿ ಸಾಮಾನು ಅಳೆಯುತ್ತೇನೆ. ಮನೆಗೆ ಬಂದು, ಅಷ್ಟರಲ್ಲಿ ಬಾಗಿಲೇನಾದರೂ ಚಿಕ್ಕದಾಗಿದ್ದೀತು ಎನ್ನುವವಳ ಹಾಗೆ ಮತ್ತೊಮ್ಮೆ ಬಾಗಿಲು ಅಳೆಯುತ್ತೇನೆ. ಮೊನ್ನೆ ಫ್ರಿಜ್ಜಿಗೆಂದು ಯಲಹಂಕದ ಅಂಗಡಿಯೊಂದಕ್ಕೆ ಹೋದಾಗ ಅಲ್ಲಿದ್ದಾತ ನನ್ನ ಕೈಯಲ್ಲಿದ್ದ ಟೇಪು ನೋಡಿ, "ಎಲ್ರೂ ಎಷ್ಟ್ ಲೀಟ್ರು, ಎಷ್ಟ್ ಸ್ಟಾರು ಅಂತ ಕೇಳ್ತಾರೆ ಮೇಡಂ. ನೀವು ಎಷ್ಟ್ ಅಗ್ಲ ಅಂತೀರಲ್ಲ" ಎಂದು ನಕ್ಕ. ನನ್ನ ಗಂಡ ಪಕ್ಕದ ಟಿವಿಗಳ ಕಡೆ ಸರಿದು, ಈ ಹೆಂಗಸು ಯಾರೋ ನನಗೆ ಗೊತ್ತೇ ಇಲ್ಲ ಎಂಬಂತೆ ನಿಂತರು. ಮದುವೆಯಾದಾಗಿನಿಂದ ಇಂಥ ಹೊತ್ತಿನಲ್ಲಿ ಅವರು ಹಾಗೆಯೇ ನಿಲ್ಲುವುದು.

ಆ ಟೇಪು ನನ್ನ ಅಪ್ಪನದು. ದುಂಡನೆಯ ಕಬ್ಬಿಣದ ಡಬ್ಬಿ, ಒಳಗೆ ಸುರುಳಿ ಸುತ್ತಿದ ಉಕ್ಕಿನ ಪಟ್ಟಿ. ಮೊದಲ ಎರಡು ಇಂಚುಗಳ ಅಂಕಿ ಸವೆದುಹೋಗಿವೆ. ಮೂರರಿಂದ ಹಿಡಿದು ಅಳೆದು, ಆಮೇಲೆ ಕಳೆಯಬೇಕು. ಹೊಸದೊಂದು ತಂದುಕೊಳ್ಳಬಾರದೇ ಎಂದು ನೀವು ಕೇಳಬಹುದು. ತಂದಿದ್ದೇನೆ, ಮೂರು ಇವೆ. ಆದರೆ ಬಾಗಿಲು ಅಳೆಯುವಾಗ ಮಾತ್ರ ನನಗೆ ಅಪ್ಪನದೇ ಬೇಕು. ಯಾಕೆಂದರೆ ಈ ಟೇಪು ಒಮ್ಮೆ ಅಳೆಯಬೇಕಾದ ಹೊತ್ತಿನಲ್ಲಿ ಅಪ್ಪನ ಜೇಬಿನಲ್ಲೇ ಮಲಗಿಬಿಟ್ಟಿತ್ತು. ಅದು ಇನ್ನೊಮ್ಮೆ ಹಾಗೆ ಮಲಗದಿರಲಿ ಎಂದು ನಾನು ಎಬ್ಬಿಸುತ್ತಿರುತ್ತೇನೆ.

ನಾವು ಗದಗಿನ ಕಡೆಯವರು. ಅಪ್ಪ ಬೆಂಗಳೂರಿನ ಜಾಲಹಳ್ಳಿಯ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಅದರ ಕ್ವಾರ್ಟರ್ಸಿನಲ್ಲಿ ಮನೆ ಸಿಕ್ಕಿದ ಮೇಲೆ ಅವ್ವನನ್ನೂ ನನ್ನನ್ನೂ ಕರೆಸಿಕೊಂಡ. ಎಪ್ಪತ್ತರ ದಶಕದ ಮಾತು. ಒಂದೇ ಅಚ್ಚಿನಲ್ಲಿ ಒತ್ತಿದಂಥ ಮನೆಗಳ ಸಾಲು, ಬೇವಿನ ಮರ, ಬೆಳಿಗ್ಗೆ ಒಂದಿಷ್ಟು ಹೊತ್ತು ಬಂದು ಹೋಗುವ ನಲ್ಲಿ ನೀರು, ಶಿಫ್ಟಿನ ಸೈರನ್. ಕಾರ್ಖಾನೆಯಲ್ಲಿ ಅಪ್ಪನದು ಇನ್‌ಸ್ಪೆಕ್ಷನ್ ವಿಭಾಗ. ಬೇರೆಯವರು ದಿನವೆಲ್ಲ ನಿಂತು ಮಾಡಿದ್ದನ್ನು ಅಪ್ಪ ಕೂತು ಅಳೆಯುವುದು. ಸರಿಯಿದ್ದರೆ ಹಸಿರು ಬಣ್ಣದ ಚುಕ್ಕೆ, ಕೂದಲೆಳೆಯಷ್ಟು ತಪ್ಪಿದ್ದರೂ ಕೆಂಪು ಚುಕ್ಕೆ, "ರಿಜೆಕ್ಟ್" ಎಂಬ ಒಂದೇ ಮಾತು. ಆ ಮಾತನ್ನು ಅಪ್ಪ ಮೆಲ್ಲಗೆ ಹೇಳುವವನಲ್ಲ. ಇಡೀ ಶಾಪಿಗೆ ಕೇಳಿಸಬೇಕು.

ಮನೆಗೆ ಬಂದರೂ ಆ ಕೆಂಪು ಚುಕ್ಕೆ ಅಪ್ಪನ ಕಣ್ಣಿನಲ್ಲೇ ಇರುತ್ತಿತ್ತು. ನಾನು ಹಾಕಿದ ರಂಗೋಲಿಯ ಚುಕ್ಕಿಗಳ ನಡುವೆ ಟೇಪು ಹಿಡಿದು, "ಇಲ್ಲಿ ಅರ್ಧ ಇಂಚ ಜರದೇತಿ ನೋಡು" ಎನ್ನುತ್ತಿದ್ದ. ಅವ್ವ ಬಡಿದ ಜೋಳದ ರೊಟ್ಟಿಯನ್ನು ಬೆಳಕಿಗೆ ಎತ್ತಿ ಹಿಡಿದು, "ಈ ಕಡಿ ದಪ್ಪ ಆಗೇತಿ" ಎಂದರೆ, ಅವ್ವ ಒಲೆಯ ಮುಂದಿನಿಂದ ತಲೆ ಎತ್ತದೆ, "ಹೊಟ್ಟ್ಯಾಗ ಹೋದ ಮ್ಯಾಲ ಯಾರು ಅಳೀತಾರ್ರೀ? ಸುಮ್ನ ತಿನ್ರಿ" ಎನ್ನುವಳು. ಅಪ್ಪ ಸುಮ್ಮನೆ ತಿನ್ನುತ್ತಿದ್ದ. ಅಪ್ಪನನ್ನು ಸುಮ್ಮನಾಗಿಸುವ ಶಕ್ತಿ ಇದ್ದದ್ದು ಅವ್ವನಿಗೊಬ್ಬಳಿಗೇ.

ಅಪ್ಪ ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಲಂಚ ಮುಟ್ಟಿದವನಲ್ಲ, ಕುಡಿದವನಲ್ಲ, ಅವ್ವನ ಮೇಲೆ ಕೈ ಎತ್ತಿದವನಲ್ಲ. ಅಪ್ಪ ಕುಳ್ಳ. ಕುಳ್ಳಗಿರುವವರು ಕೆಲವರು ಎದೆ ಮುಂದೆ ಮಾಡಿ ನಡೆಯುತ್ತಾರಲ್ಲ, ಹಾಗೆ ನಡೆಯುತ್ತಿದ್ದ. "ಬಗ್ಗಿದಾಂವಗ ಒಂದ ಗುದ್ದ ಹೆಚ್ಚ" ಎಂಬ ಗಾದೆ ಅವನ ಪಾಲಿಗೆ ಮಂತ್ರ. "ನಾ ಯಾರ ಬಾಗಲಕ್ಕೂ ಹೋಗಾಂವ ಅಲ್ಲ, ಯಾರ ಮುಂದೂ ಬಗ್ಗಾಂವ ಅಲ್ಲ" ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ. ನಿಜವಾಗಿಯೂ ಯಾರ ಮನೆಗೂ ಹೋಗುತ್ತಿರಲಿಲ್ಲ. ಸಕ್ಕರೆ ಮುಗಿದರೆ ಆ ದಿನ ಚಹಾ ಇಲ್ಲ. ಪಕ್ಕದ ಮನೆಯಲ್ಲಿ ಒಂದು ಬಟ್ಟಲು ಇಸಿದುಕೊಂಡು ಬಾ ಎನ್ನುವ ಮಾತೇ ಇಲ್ಲ.

ಗಣಪತಿಯ ಮುಂದೆ ಕಿವಿ ಹಿಡಿದು ಬಸ್ಕಿ ಹೊಡೆಯುವುದು ನಮ್ಮೆಲ್ಲರ ರೂಢಿ. ಎಡಗೈಯಲ್ಲಿ ಬಲಗಿವಿ, ಬಲಗೈಯಲ್ಲಿ ಎಡಗಿವಿ ಹಿಡಿದು, ಕೂತು ಎದ್ದು, ಗೊತ್ತಿದ್ದು ಗೊತ್ತಿಲ್ಲದೆ ಮಾಡಿದ ತಪ್ಪನ್ನು ಕ್ಷಮಿಸಪ್ಪಾ ಅನ್ನುವುದು. ನಮ್ಮ ಕ್ವಾರ್ಟರ್ಸಿನಲ್ಲಿ ಮುದುಕರೂ ಮಂಡಿ ಹಿಡಿದುಕೊಂಡು ಒಂದಾದರೂ ಹೊಡೆಯುತ್ತಿದ್ದರು. ಅಪ್ಪ ಮಾತ್ರ ನೆಟ್ಟಗೆ ನಿಂತು ಕೈ ಮುಗಿಯುತ್ತಿದ್ದ, ಅಷ್ಟೇ. ಅವ್ವ ಒಮ್ಮೆ ಕೇಳಿದಳು, "ದೇವರ ಮುಂದರ ಬಗ್ಗತೀರೋ ಇಲ್ಲೋ?" ಅಪ್ಪ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ತಪ್ಪ ಮಾಡಿದಾಂವ ಕಿವಿ ಹಿಡಕೋತಾನ. ನನ್ನ ಕೆಲಸ ಬರೋಬ್ಬರಿ ಇರಬೇಕಾದ್ರ ನಾ ಯಾಕ ಹಿಡಕೋಬೇಕು?" ಅವ್ವ ಗಲ್ಲ ಗಲ್ಲ ಬಡಿದುಕೊಂಡು, ಅಪ್ಪನ ಪಾಲಿನದನ್ನೂ ಸೇರಿಸಿ ತಾನೇ ನಾಲ್ಕು ಬಸ್ಕಿ ಹೆಚ್ಚು ಹೊಡೆದಳು.

ಚೌತಿಗೆ ನಾವು ಗಣಪ್ಪನನ್ನು ತರುತ್ತಿದ್ದದ್ದು ಯಶವಂತಪುರದ ಮಾರುಕಟ್ಟೆಯಿಂದ. ರಸ್ತೆಯ ಎರಡೂ ಬದಿಗೆ ಗೋಣಿಯ ಮೇಲೆ ಸಾಲುಸಾಲಾಗಿ ಕೂತ ದೇವರುಗಳು. ಹಿತ್ತಾಳೆ ತಾಟಿನಲ್ಲಿ ಅಕ್ಕಿ ಹರಡಿ, ಅದರ ಮೇಲೆ ಕೂರಿಸಿಕೊಂಡು ಬರಬೇಕು. ತಾಟು ಹಿಡಿಯುವ ಕೆಲಸ ನನ್ನದು. ಒಂದು ವರ್ಷ ಅಪ್ಪ ಒಂದೊಂದು ಗಣಪ್ಪನ ಮುಂದೂ ಕುಕ್ಕರಗಾಲಿನಲ್ಲಿ ಕೂತು ಟೇಪು ಬಿಚ್ಚಿದ. ಒಂದರ ಸೊಂಡಿಲು ನಡುವಿಗಿಲ್ಲ, ಒಂದರ ಎಡಗಣ್ಣು ಮೇಲೆ, ಒಂದರ ಭುಜ ಇಳಿದಿದೆ. ಮಾರುವ ಹೆಂಗಸು ಬಹಳ ಹೊತ್ತು ನೋಡಿ, "ಸ್ವಾಮೀ, ದೇವ್ರನ್ನ ತಗೊಂಡ್ ಹೋಗಕ್ಕೆ ಬಂದಿದೀರೋ, ದೇವ್ರಿಗೆ ಅಂಗಿ ಹೊಲಿಯಕ್ಕೆ ಬಂದಿದೀರೋ?" ಎಂದಳು. ಸುತ್ತಲಿನವರು ನಕ್ಕರು. ಅಪ್ಪ ಎದ್ದು, "ಒಂದೂ ಡ್ರಾಯಿಂಗ್ ಪ್ರಕಾರ ಇಲ್ಲ" ಎಂದವನೇ ಬಸ್ ಸ್ಟಾಪಿನ ಕಡೆ ನಡೆದುಬಿಟ್ಟ. ದೇವರಿಗೆ ಡ್ರಾಯಿಂಗ್ ಮಾಡಿದವರು ಯಾರು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಬರೀ ಅಕ್ಕಿಯ ತಾಟು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದೆ. ಪಕ್ಕದಲ್ಲಿದ್ದ ಅಜ್ಜಿ ಅದನ್ನು ನೋಡಿ, "ದೇವ್ರೆಲ್ಲವ್ವಾ?" ಎಂದಾಗ ಅಳುವೇ ಬಂತು. ಅವ್ವ ಖಾಲಿ ತಾಟು ಕಂಡು ಎದೆ ಒಡೆದುಕೊಂಡು, ಮುಂದಿನ ಬಸ್ಸು ಹತ್ತಿ ತಾನೇ ಹೋಗಿ ಕೈಗೆ ಸಿಕ್ಕಿದ ಗಣಪ್ಪನನ್ನು ತಂದಳು. ಅದರ ಎಡಗಣ್ಣು ಸ್ವಲ್ಪ ಮೇಲೇ ಇತ್ತು. ನಮ್ಮನ್ನೆಲ್ಲ ವಾರೆ ನೋಟದಲ್ಲಿ ನೋಡಿ ನಗುತ್ತಿರುವ ಹಾಗಿತ್ತು.

ಮರುವರ್ಷ ಶ್ರಾವಣ ಹುಟ್ಟುತ್ತಲೇ ಅಪ್ಪ ಘೋಷಿಸಿದ, "ಈ ಸಲ ನಾನ ಮಾಡ್ತೀನಿ." ನಾವು ಬಡಿಗೇರ ಮನೆತನ. ನಮ್ಮ ಮುತ್ತಜ್ಜ ಊರಿನಲ್ಲಿ ಗಣಪತಿ ಮಾಡುತ್ತಿದ್ದನಂತೆ. ಕೈಯಲ್ಲಿ ವಿದ್ಯೆ ಇತ್ತು, ಸುಳ್ಳು ಹೇಳಬಾರದು. ಶೆಟ್ಟಿಹಳ್ಳಿಯ ಕೆರೆಯಿಂದ ಸೈಕಲ್ಲಿನ ಮೇಲೆ ಗೋಣಿಚೀಲಗಟ್ಟಲೆ ಜೇಡಿಮಣ್ಣು ಬಂತು. ಮುಂದಿನ ಕೋಣೆಯನ್ನು ಗಣಪ್ಪನಿಗೆ ಬಿಟ್ಟುಕೊಟ್ಟು ನಾವು ಅಡುಗೆಮನೆಯಲ್ಲಿ ಮಲಗಿದೆವು. ಅಪ್ಪ ಮೊದಲು ಬಾಗಿಲು ಅಳೆದ. ಹೌದು, ಅಳೆದಿದ್ದ. ತೋಳಿನ ಎರಡೂ ಬದಿಗೆ ಎರಡೆರಡು ಬೆರಳು ಜಾಗ ಉಳಿಯುವ ಹಾಗೆ ಲೆಕ್ಕ ಹಾಕಿಯೇ ಮಣೆ ಇಟ್ಟ. ಇನ್‌ಸ್ಪೆಕ್ಷನ್ನಿನವನು ಬಾಗಿಲು ಮರೆಯುವಷ್ಟು ದಡ್ಡನೇ?

ಮರೆಯಲಿಲ್ಲ. ಆದರೆ ಗಣಪ್ಪ ಸುಂದರನಾಗಿ ಬಂದುಬಿಟ್ಟ, ಅಲ್ಲೇ ಕೆಟ್ಟಿತು. ಒಣಗುತ್ತಾ ಕೂತಿದ್ದ ಮೂರ್ತಿಯನ್ನು ನೋಡಲು ಒಬ್ಬೊಬ್ಬರೇ ಬರತೊಡಗಿದರು. "ಏನ್ ಕೈಚಳಕ ಬಡಿಗೇರ್ ಸಾರ್!" ಎಂದರು. ಅಪ್ಪ ಗೋಡೆಗೊರಗಿ ನಿಂತು, ಏನೂ ಆಗದವನ ಹಾಗೆ ಮೀಸೆ ಸವರಿಕೊಳ್ಳುತ್ತಿದ್ದ. ನಾನೂ ಏನು ಕಡಿಮೆ? ಶಾಲೆಯಲ್ಲಿ, ನಮ್ಮ ಮನೆ ಗಣಪ್ಪನಂಥವನು ಇಡೀ ಬೆಂಗಳೂರಿನಲ್ಲೇ ಇಲ್ಲ ಎಂದು ಸಾರಿಕೊಂಡು ಬಂದೆ. ಒಂದು ಸಂಜೆ ಅಪ್ಪನ ಸೆಕ್ಷನ್ನಿನ ದೊಡ್ಡ ಸಾಹೇಬರೇ ಹೆಂಡತಿಯನ್ನು ಕರೆದುಕೊಂಡು ಬಂದರು. ಸುತ್ತಲೂ ನೋಡಿ, "ಅದ್ಭುತ ಕಣ್ರೀ. ಕಿವಿ ಮಾತ್ರ ಸ್ವಲ್ಪ ಚಿಕ್ಕದಾಯ್ತೇನೋ" ಎಂದರು. ಅವರು ಚಹಾ ಕುಡಿದು ಹೋದದ್ದೇ ತಡ, ಅಪ್ಪ ಕಿವಿಗೆ ಮಣ್ಣು ಮೆತ್ತಿದ. ಕಿವಿ ಹಿಗ್ಗಿದ ಮೇಲೆ ಭುಜ ಬಡಕಲಾಗಿ ಕಂಡಿತು, ಭುಜ ತುಂಬಿದ. ಅಷ್ಟರಲ್ಲಿ ಯಾರೋ, ಮಾಕಳಿಯ ಕುಂಬಾರರು ಹಿಂದಿನ ಬೀದಿಯವರಿಗೆ ಇದಕ್ಕಿಂತ ದೊಡ್ಡದು ಮಾಡುತ್ತಿದ್ದಾರಂತೆ ಎಂದರು. ಪಾಶ, ಅಂಕುಶ ಹಿಡಿದ ಮೇಲಿನ ಎರಡು ಕೈಗಳೂ ಅಗಲಕ್ಕೆ ಚಾಚಿದವು.

ಅವ್ವ ಬಾಗಿಲಲ್ಲಿ ನಿಂತು ನೋಡಿ, "ಗಣಪ್ಪನ್ನ ಮಾಡಾಕ ಹೋಗಿ ಅವರಪ್ಪನ್ನ ಮಾಡೀರಿ ಮತ್ತ" ಎಂದಳು. ಅಪ್ಪನಿಗೆ ಅದೂ ಹೊಗಳಿಕೆಯಾಗಿಯೇ ಕೇಳಿಸಿತು. ಟೇಪು ಜೇಬಿನಲ್ಲೇ ಇತ್ತು. ಎಲ್ಲರ ಕೆಲಸ ಅಳೆಯಲು ಬಳಕೆಯಾದ ಟೇಪನ್ನು ತನ್ನ ಕೆಲಸದ ಮೇಲೆ ಎರಡನೆಯ ಸಲ ಬಿಚ್ಚಬೇಕು ಎಂದು ಅಪ್ಪನಿಗೆ ಅನ್ನಿಸಲೇ ಇಲ್ಲ. ನಾನು ಈಗ ಯೋಚಿಸುತ್ತೇನೆ, ಅಹಂಕಾರ ಎನ್ನುವುದು ಒಂದೇ ದಿನ ಬಂದು ಕೂರುವುದಿಲ್ಲ. ಮೆಚ್ಚಿದವರು ಒಬ್ಬೊಬ್ಬರೂ ಒಂದೊಂದು ಮುಷ್ಟಿ ಮಣ್ಣು ಕೊಟ್ಟು ಹೋಗುತ್ತಾರೆ, ಮೆತ್ತಿಕೊಳ್ಳುವ ಕೆಲಸ ನಮ್ಮದು.

ಇಲ್ಲಿ ಪಕ್ಕದ ಮನೆಯ ನಂಜುಂಡಪ್ಪನವರ ಮಾತು ಹೇಳಬೇಕು. ಶೆಟ್ಟಿಹಳ್ಳಿಯವರೇ, ಅದೇ ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಒಮ್ಮೆ ಅವರು ತಿರುವಿದ ಭಾಗವೊಂದು ಅಳತೆಗೆ ತಪ್ಪಿತ್ತು. ಅಪ್ಪ ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ರಿಜೆಕ್ಟ್! ಇದನ್ನ ಒಯ್ದು ನಿಮ್ಮೂರ ಚಕ್ಕಡಿಗೆ ಹಾಕ್ಕೋ" ಎಂದನಂತೆ. ಶಾಪಿಗೆ ಶಾಪೇ ನಕ್ಕಿತಂತೆ. ಅದರ ಮೇಲೆ, ಅವರು ಹಿತ್ತಲಲ್ಲಿ ತಗಡಿನ ಕೋಳಿಗೂಡು ಕಟ್ಟಿದಾಗ, ಕ್ವಾರ್ಟರ್ಸಿನ ನಿಯಮಕ್ಕೆ ಇದು ವಿರುದ್ಧ ಎಂದು ಅಪ್ಪ ಆಫೀಸಿಗೆ ದೂರು ಕೊಟ್ಟು ಕೀಳಿಸಿದ್ದ. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಅವ್ವ ಮತ್ತು ನಂಜುಂಡಪ್ಪನವರ ಹೆಂಡತಿ ಗೌರಮ್ಮ ಮಾತ್ರ ಗಂಡಂದಿರು ಕೆಲಸಕ್ಕೆ ಹೋದ ಮೇಲೆ ನಲ್ಲಿಯ ಹತ್ತಿರ ಕಣ್ಣಿನಲ್ಲೇ ಏನೋ ಮಾತಾಡಿಕೊಳ್ಳುತ್ತಿದ್ದರು.

ಹಬ್ಬ ಬಂತು. ಪೂಜೆ, ಕಡುಬು, ಜನವೋ ಜನ. ಐದನೇ ದಿನ ಗಣಪ್ಪನನ್ನು ಕಳಿಸಬೇಕು. ಅಪ್ಪ ತರಕಾರಿಯವನ ತಳ್ಳುಗಾಡಿಯನ್ನು ಹೇಳಿ, ಅದಕ್ಕೆ ಬಾಳೆಕಂದು ಕಟ್ಟಿಸಿ, ವಾಲಗದವರನ್ನು ಕರೆಸಿದ್ದ. ನಮ್ಮ ಗಣಪ್ಪನೇ ಮುಂದೆ, ಉಳಿದವರದೆಲ್ಲ ಹಿಂದೆ, ಶೆಟ್ಟಿಹಳ್ಳಿ ಕೆರೆಯವರೆಗೆ. ಹಾಗೆಂದು ಅಪ್ಪನೇ ಎಲ್ಲರಿಗೂ ಸಾರಿದ್ದ. ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಮಂಗಳಾರತಿಯಾಗಿ, ಮೂರ್ತಿಯನ್ನು ಸ್ವಲ್ಪ ಜರುಗಿಸಿ ಶಾಸ್ತ್ರವೂ ಆಯಿತು. ಜರುಗಿಸಿದ ಮೇಲೆ ಮುಗಿಯಿತು, ದೇವರು ಹೊರಟ ಹಾಗೆ. ಅವತ್ತೇ ನೀರಿಗೆ ಬಿಡಬೇಕು. ನಾಲ್ಕು ಜನ ಮಣೆಗೆ ಕೈ ಹಾಕಿ ಎತ್ತಿದರು, "ಗಣಪತಿ ಬಪ್ಪಾ ಮೋರಯಾ" ಎಂದರು, ಬಾಗಿಲಿಗೆ ಬಂದರು, ನಿಂತರು.

ಎರಡೂ ಕಡೆ ತೋಳು ಚೌಕಟ್ಟಿಗೆ ತಾಗುತ್ತಿತ್ತು. "ಸ್ವಲ್ಪ ಅಡ್ಡ ತಿರ್ಗಿಸ್ರೋ" ಎಂದರು ಯಾರೋ. ಅಡ್ಡ ತಿರುಗಿಸಿದರೆ ಹೊಟ್ಟೆ. ನೇರ ಹಿಡಿದರೆ ಕೈ. ಓರೆ ಮಾಡಿದರೆ ಸುಡದ ಮಣ್ಣಿನ ಭಾರಕ್ಕೆ ಸೊಂಟದಲ್ಲೇ ಬಿರಿಯುವ ಹಾಗಿತ್ತು. ಕಿಟಕಿಗೆ ಸರಳು. ಹಿಂಬಾಗಿಲು ಇನ್ನೂ ಇಕ್ಕಟ್ಟು. ಹೊರಗೆ ಏನೂ ತಿಳಿಯದ ವಾಲಗದವರು ಕೆನ್ನೆ ಉಬ್ಬಿಸಿ ಊದುತ್ತಲೇ ಇದ್ದರು. ಒಳಗೆ ದೇವರನ್ನು ಮತ್ತೆ ನೆಲಕ್ಕಿಳಿಸಿದರು. ಅಪ್ಪ ಜೇಬಿನಿಂದ ಟೇಪು ತೆಗೆದು ಮೊದಲು ಮೂರ್ತಿಗೆ, ಆಮೇಲೆ ಬಾಗಿಲಿಗೆ ಹಿಡಿದ. ಹಿಡಿದವನು ಹಾಗೇ ನಿಂತ.

ಸಲಹೆಗಳಿಗೇನು ಬರಗಾಲವೇ? ಒಬ್ಬರು ಕೈ ಕತ್ತರಿಸೋಣ ಎಂದರು. ಭಿನ್ನವಾದ ದೇವರನ್ನು ಮೆರವಣಿಗೆ ಮಾಡುತ್ತೀರಾ ಎಂದು ಹೆಂಗಸರು ಬೈದರು. ಇನ್ನೊಬ್ಬರು ಚೌಕಟ್ಟು ಕೀಳೋಣ ಎಂದರು. ಯಾರೂ ನಗಲಿಲ್ಲ, ಆದರೆ ಎಲ್ಲರಿಗೂ ಕೋಳಿಗೂಡು ನೆನಪಾದದ್ದು ನನಗೆ ಗೊತ್ತಾಯಿತು. ಗೋಡೆಗೆ ಮೊಳೆ ಹೊಡೆದವರ ಮೇಲೂ ದೂರು ಕೊಟ್ಟ ಮನುಷ್ಯ ಕ್ವಾರ್ಟರ್ಸಿನ ಬಾಗಿಲು ಕೀಳುವುದು ಹೇಗೆ? ಒಬ್ಬ ಮುದುಕಿ ಅವ್ವನ ಕಿವಿಯಲ್ಲಿ, "ಮನೇಲಿ ಬಸುರಿ ಇದ್ರೆ ಗಣೇಶನ್ನ ಬಿಡಂಗಿಲ್ಲ ಕಣಮ್ಮಾ, ಹೆರಿಗೆ ಆಗೋಗಂಟ ಇಟ್ಕಬೋದು. ಏನಾರಾ..." ಎಂದು ರಾಗ ಎಳೆದಳು. ಅವ್ವ, "ಇಲ್ಲದ ಬಸರ ಎಲ್ಲಿಂದ ತರಲಬೇ, ಯಮ್ಮಾ!" ಎಂದಳು. ಅಷ್ಟು ದುಃಖದಲ್ಲೂ ನಾಲ್ಕು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

ಕೊನೆಗೆ ದಾರಿ ತೋರಿಸಿದವಳೂ ಅವ್ವನೇ. "ದೇವರು ನೀರಿಗೆ ಹೋಗಾಕ ಆಗೂದಿಲ್ಲಂದ್ರ ನೀರ ದೇವರ ಕಡೆ ಬರಲಿ. ಇಲ್ಲೇ ಕರಗಸೂಣು. ಆದ್ರ ಒಂದ ಹನಿ ಗಟಾರಕ್ಕ ಹೋಗಬಾರದು. ಕೊಡದಾಗ ತುಂಬಿ ಕೆರಿಗೆ ಒಯ್ಯೂಣು." ಮಣೆಯ ಸುತ್ತ ಗೋಣಿಚೀಲ, ಹಳೆಯ ಸೀರೆ ಸುರುಳಿ ಸುತ್ತಿ ಕಟ್ಟೆ ಕಟ್ಟಿದಳು. ಮನೆಯಲ್ಲಿದ್ದದ್ದು ಎರಡು ಕೊಡ ನೀರು. ಹೊಯ್ದರೆ ಕಿರೀಟ ಒದ್ದೆಯಾಯಿತು, ಅಷ್ಟೇ. ನಲ್ಲಿ ಬರುವುದು ಮರುದಿನ ಬೆಳಿಗ್ಗೆ.

"ಒಂದೊಂದ ಮನಿಯಾಗ ಒಂದೊಂದ ಕೊಡ ಕೇಳಿ ತಗೊಂಡ ಬಾ" ಎಂದು ಅಪ್ಪ ಅವ್ವನಿಗೆ ಹೇಳಿದ. ಧ್ವನಿ ಅವನದಾಗಿರಲಿಲ್ಲ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ, "ನೀವು ಮಾಡಿದ ಗಣಪ್ಪ, ನೀವ ಹೋಗ್ರಿ" ಎಂದಳು. ಅಷ್ಟೇ ಹೇಳಿದಳು. ಖಾಲಿ ಕೊಡ ನನ್ನ ಸೊಂಟಕ್ಕೆ ಇಟ್ಟಳು.

ಯಾರ ಬಾಗಿಲಿಗೂ ಹೋಗದ ನನ್ನ ಅಪ್ಪ ಅವತ್ತು ಬಾಗಿಲು ಬಾಗಿಲಿಗೆ ಹೋದ. ಮೊದಲು ಎದುರು ಮನೆಯ ಖಾದರ್ ಸಾಬರಲ್ಲಿಗೆ. ಅಪ್ಪ ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ ಒಳಗಿನಿಂದ, "ಪಾನೀಚ್ ನಾ? ಲೇಜಾವ್ ಭಾಯ್, ಲೇಜಾವ್" ಎಂದು ಎರಡು ಕೊಡ ಹೊರಗಿಟ್ಟರು. ಖಾದರ್ ಸಾಬರು, "ದೇವ್ರ ಕೆಲ್ಸಕ್ಕೆ ಕೇಳ್ಬೇಕಾ ಬಡಿಗೇರ್ ಸಾಬ್?" ಎಂದು ಒಂದನ್ನು ತಾವೇ ಹೊತ್ತರು. ಆಮೇಲೆ ಒಂದೊಂದೇ ಮನೆ. ಒಬ್ಬರು ಪ್ರೀತಿಯಿಂದ ಕೊಟ್ಟರು, ಒಬ್ಬರು ನಗು ತಡೆದುಕೊಂಡು ಕೊಟ್ಟರು, ಒಬ್ಬಾಕೆ, "ನಮ್ಮನೇದು ನಿಮ್ ಅಳತೆಗೆ ಸರಿಹೋಗುತ್ತೋ ಇಲ್ವೋ ನೋಡಿ ಸಾರ್" ಎಂದು ಚುಚ್ಚಿಯೇ ಕೊಟ್ಟರು. ಅಪ್ಪ ಎಲ್ಲರಿಗೂ ಕೈ ಮುಗಿದ. ಅವನ ಕಿವಿ ಕೆಂಪಾಗಿತ್ತು. ನನಗೆ ಆಗ ನಾಚಿಕೆಯಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ.

ಎಲ್ಲ ಮನೆಯ ನೀರು ಹೊಯ್ದರೂ ಗಣಪ್ಪನ ತಲೆ, ತೋಳು ಕರಗಿದವೇ ಹೊರತು ಆ ಹೊಟ್ಟೆ ಬಂಡೆಯ ಹಾಗೆ ಕೂತಿತ್ತು. ಅರ್ಧ ಕರಗಿದ ದೇವರನ್ನು ಹೊರಗೆ ಒಯ್ಯುವಂತಿರಲಿಲ್ಲ, ನೋಡಲೂ ಆಗುತ್ತಿರಲಿಲ್ಲ. ಅವ್ವ ಅಳತೊಡಗಿದಳು. "ಹಿಂಗ ಅರ್ಧಕ್ಕ ಬಿಟ್ಟು ದೀಪ ಹಚ್ಚಬೇಕೇನ್ರೀ ಮನ್ಯಾಗ?" ಎಂದಳು. ನೀರು ಉಳಿದಿದ್ದದ್ದು ಒಂದೇ ಕಡೆ. ನಂಜುಂಡಪ್ಪನವರ ಹಿತ್ತಲಲ್ಲಿ ಒಂದು ದೊಡ್ಡ ಡ್ರಮ್ಮಿತ್ತು. ಅದು ಎಲ್ಲರಿಗೂ ಗೊತ್ತು. ಎಲ್ಲರೂ ಅಪ್ಪನ ಮುಖ ನೋಡಿದರು.

ಇಡೀ ಬೀದಿ ನಮ್ಮ ಮನೆಯ ಮುಂದಿದ್ದರೂ ನಂಜುಂಡಪ್ಪ ಮಾತ್ರ ತಮ್ಮ ಮೆಟ್ಟಿಲ ಮೇಲೆ ಕೂತು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಅಪ್ಪ ಹೋಗಿ ನಿಂತ. ಹಿಂದೆ ನಾನು, ಸೊಂಟದಲ್ಲಿ ಕೊಡ. ನಂಜುಂಡಪ್ಪ ತಲೆ ಎತ್ತಿ, "ಏನ್ ಸಾ?" ಎಂದರು. ಅಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಅಪ್ಪ ತಿರುಗಿ ಬಂದುಬಿಡುತ್ತಾನೆ ಎಂದು ನಾನು ಕೊಡವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಮೇಲೆ ಅಪ್ಪ ನೆಲ ನೋಡುತ್ತಾ ಹೇಳಿದ, "ಗಣಪ್ಪ ಬಾಗಲದಾಗ ಹಿಡಸವಲ್ಲ. ನಂದು ಅಳತಿ ತಪ್ಪೇತಿ."

ಆ ಮಾತನ್ನು ಅಪ್ಪನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನಂಜುಂಡಪ್ಪ ಎಣ್ಣೆಯ ಡಬ್ಬಿ ಕೆಳಗಿಟ್ಟು, ಚಿಂದಿಯಿಂದ ಒಂದೊಂದೇ ಬೆರಳು ಒರೆಸಿಕೊಂಡರು. ಅವಸರವೇ ಇರಲಿಲ್ಲ ಅವರಿಗೆ. ಒರೆಸಿ ಮುಗಿದ ಮೇಲೆ ಕೇಳಿದರು, "ರಿಜೆಕ್ಟಾ ಸಾ?"

"ರಿಜೆಕ್ಟ್" ಎಂದ ಅಪ್ಪ. ಈ ಸಲ ಮೆಲ್ಲಗೆ.

ಒಳಗಿನಿಂದ ಗೌರಮ್ಮ, "ಕೋಳಿಗೂಡು ಕೀಳಿಸ್ದಾಗ ಬಾಯ್ ದೊಡ್ಡದಾಗಿತ್ತು ಈವಪ್ಪಂಗೆ. ಈಗ ನೀರ್ ಬೇಕಂತೆ, ನೀರು. ರಾತ್ರಿ ಮುದ್ದೆಗೆ ಏನ್ ಮಾಡ್ಲಿ ನಾನು?" ಎಂದರು. ಕೇಳಲೆಂದೇ ಹೇಳಿದ್ದು. ಅಪ್ಪ ಕೇಳಿಸಿಕೊಂಡ, ಆದರೆ ಅಲ್ಲಿಂದ ಹೋಗಲಿಲ್ಲ. ನಂಜುಂಡಪ್ಪ ಎದ್ದು, "ಓಗ್ಲಿ ಬುಡೇ. ಅವ್ರ್ ಮೇಲ್ ಸಿಟ್ಟಿದ್ರೆ ಗಣೇಸ ಏನ್ ಮಾಡ್ದ? ಇಂಗೆ ಅರ್ದಂಬರ್ದ ಕುಂತ್ಕಬೇಕಾ ಅವ್ನು? ಡ್ರಮ್ ಮುಚ್ಚಳ ತೆಗಿ" ಎಂದರು. ಗೌರಮ್ಮ ಗೊಣಗುತ್ತಲೇ ಮುಚ್ಚಳ ತೆಗೆದು, ಗೊಣಗುತ್ತಲೇ ಮೊದಲ ಕೊಡ ತುಂಬಿ, ಗೊಣಗುತ್ತಲೇ ತಾವೇ ಹೊತ್ತು ನಮ್ಮ ಮನೆಗೆ ತಂದರು. ಅವ್ವ ಅವರ ಕೈ ಹಿಡಿದುಕೊಂಡಾಗ ಇಬ್ಬರೂ ಅತ್ತರು. ನಲ್ಲಿಯ ಹತ್ತಿರ ಕಣ್ಣಿನಲ್ಲೇ ಉಳಿದಿದ್ದ ಮಾತೆಲ್ಲ ಆವತ್ತು ಮುಗಿಯಿತೆಂದು ಕಾಣುತ್ತದೆ.

ಆಮೇಲಿನ ಕಥೆ ಕೇಳಿದರೆ ನೀವು ನಗುತ್ತೀರಿ. ಇಷ್ಟೆಲ್ಲ ಆಗಿ, ಕೆಲವೇ ದಿನಕ್ಕೆ ಅಪ್ಪ ನಂಜುಂಡಪ್ಪನವರ ಕೆಲಸವನ್ನು ಮತ್ತೆ ರಿಜೆಕ್ಟ್ ಮಾಡಿದ. ಅಳತೆ ತಪ್ಪಿದ್ದರೆ ತಪ್ಪಿದ್ದೇ, ಅದರಲ್ಲಿ ಅಪ್ಪ ಬದಲಾಗಲಿಲ್ಲ. ಆದರೆ ಎತ್ತಿ ಹಿಡಿದು ತೋರಿಸಲಿಲ್ಲ. ಮಿಷಿನ್ನಿನ ಹತ್ತಿರ ತಾನೇ ನಡೆದು ಹೋಗಿ, ಪಕ್ಕಕ್ಕೆ ಕರೆದು ಹೇಳಿದನಂತೆ. ನಂಜುಂಡಪ್ಪ ಆ ಸಂಜೆ ಗೋಡೆಯಾಚೆಯಿಂದ, "ಸಾ, ನಿಮ್ ಗಣೇಸಂಗಿಂತ ಕಮ್ಮಿ ತಪ್ಪಿತ್ತು ಬುಡಿ ನಂದು" ಎಂದು ಕೂಗಿದರು. ಅಪ್ಪ ಅಡುಗೆಮನೆಯಲ್ಲಿ ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ನಕ್ಕ. ಮರುವರ್ಷದಿಂದ ಯಶವಂತಪುರದ ಅದೇ ಹೆಂಗಸಿನ ಹತ್ತಿರ, ಅವಳು ಕೊಟ್ಟದ್ದನ್ನೇ ತಂದೆವು. ಸೊಂಡಿಲು ಎತ್ತ ಕಡೆಗಿದೆ ಎಂದು ಅಪ್ಪ ನೋಡಲೂ ಇಲ್ಲ. ಅಪ್ಪ ಸಾಧುವಾಗಿಬಿಟ್ಟ ಎಂದು ನಾನು ಹೇಳುವುದಿಲ್ಲ. ಸಿಡುಕು ಇದ್ದೇ ಇತ್ತು, ರಂಗೋಲಿಯ ಚುಕ್ಕಿ ಜರುಗಿದರೆ ಕಣ್ಣು ಹೋಗುತ್ತಲೇ ಇತ್ತು. ಆದರೆ ಸಕ್ಕರೆ ಮುಗಿದ ದಿನ ಬಟ್ಟಲು ಹಿಡಿದುಕೊಂಡು ಪಕ್ಕದ ಮನೆಗೆ ಹೋಗುತ್ತಿದ್ದವನು ಅವನೇ.

ಟೇಪು ಮುಟ್ಟಿದಾಗಲೆಲ್ಲ ನನಗೆ ಕಾಣುವುದು ಮಾತ್ರ ಇದಾವುದೂ ಅಲ್ಲ, ಆ ಸಂಜೆಯ ಕೊನೆ. ಡ್ರಮ್ಮಿನ ನೀರು ಬಂದ ಮೇಲೆ ಹೊಟ್ಟೆ ಸಡಿಲವಾಯಿತು. ಅಪ್ಪ, ನಂಜುಂಡಪ್ಪ, ಖಾದರ್ ಸಾಬರು ಮೊಣಕಾಲೂರಿ ಕೂತು ಕೈಯಿಂದಲೇ ಕಲಸಿದರು, ಹೆಂಗಸರು ಚೊಂಬಿನಲ್ಲಿ ಮೊಗೆದು ಕೊಡಕ್ಕೆ ತುಂಬಿದರು. ನೀರು ತಂದ ಕೊಡಗಳೇ ಗಣಪ್ಪನನ್ನು ತುಂಬಿಕೊಂಡು, ಯಾರ ಮನೆಯದು ಯಾವುದು ಎಂದು ಗುರುತು ಸಿಗದ ಹಾಗೆ ಮಣ್ಣು ಮೆತ್ತಿಕೊಂಡು, ಒಂದೊಂದಾಗಿ ಬಾಗಿಲು ದಾಟಿ ತಳ್ಳುಗಾಡಿ ಸೇರಿದವು. ಬೇಲಿಯ ಹತ್ತಿರ ಬೀಡಿ ಸೇದುತ್ತಾ ಕೂತಿದ್ದ ವಾಲಗದವರು ಎದ್ದು ಡೋಲು ಹೆಗಲಿಗೇರಿಸಿದರು. ಮಣೆಯ ಮೇಲೆ ಉಳಿದದ್ದು ಒಂದು ಮುಷ್ಟಿ ಮಣ್ಣು. 

ಅಪ್ಪ ಅದನ್ನು ಎತ್ತಿಕೊಳ್ಳಲಿಲ್ಲ. ಕೆಸರಾದ ಧೋತ್ರದಲ್ಲೇ ಅದರ ಮುಂದೆ ನಿಂತು, ಎಡಗೈಯಲ್ಲಿ ಬಲಗಿವಿ ಹಿಡಿದ. ಬಲಗೈಯಲ್ಲಿ ಎಡಗಿವಿ. ಕೂತ, ಎದ್ದ. ಕೂತ, ಎದ್ದ. ಕಿವಿಗೆಲ್ಲ ಜೇಡಿಮಣ್ಣು ಮೆತ್ತಿತ್ತು. ಬಾಗಿಲಲ್ಲಿ ಇಣುಕುತ್ತಿದ್ದ ಮಕ್ಕಳು ಮೊದಲು ಕಿಸಕ್ಕನೆ ನಕ್ಕು ಎಣಿಸತೊಡಗಿದವು, ಆಮೇಲೆ ಅಪ್ಪನ ಮುಖ ನೋಡಿ ಬಾಗಿಲಿನಿಂದ ಹಿಂದೆ ಸರಿದವು. ಅವ್ವ, "ಸಾಕ್ ಮಾಡ್ರೀ, ಸಾಕು" ಎಂದಳು. ಅಪ್ಪ ಏದುಸಿರು ಬಿಡುತ್ತಾ, "ನೀ ಅಂದ್ರ ಆತೇನ? ಅವಗ ಸಾಕನ್ನಿಸಬೇಕಲ್ಲ" ಎಂದು ಮತ್ತೆ ಕೂತ.

ಎಷ್ಟೋ ಹೊತ್ತಿಗೆ ನಿಲ್ಲಿಸಿ, ಆ ಒಂದು ಮುಷ್ಟಿ ಮಣ್ಣನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಟ. ಆ ಬಾಗಿಲು ಅಪ್ಪನ ತಲೆಗಿಂತ ಒಂದು ಮೊಳ ಎತ್ತರ. ನಾನು ಆಮೇಲೆ ಅಳೆದು ನೋಡಿದ್ದೇನೆ. ಆದರೂ ಅಪ್ಪ ಆವತ್ತು ತಲೆ ಬಗ್ಗಿಸಿಯೇ ಅದನ್ನು ದಾಟಿದ.